ಕಿಸೆಯ ಕ್ಯಾಮೆರಾ ಸಾಕಾ, ಮಿರರ್‌ಲೆಸ್ ಬೇಕಾ? ನಮ್ಮೂರಲ್ಲೇ ಪರೀಕ್ಷೆ ಮಾಡಿ ನೋಡುವ ಬಗೆ

ಕಿಸೆಯಲ್ಲಿ ಹಿಡಿಯುವ ಕಾಂಪ್ಯಾಕ್ಟ್ ಸಾಕಾ, ಅಲ್ಲ ಲೆನ್ಸ್ ಬದಲಾಯಿಸಬಹುದಾದ ದೊಡ್ಡ ಮಿರರ್‌ಲೆಸ್ಸೇ ಬೇಕಾ ಅಂತ ಕೇಳುವವರು ಸಾಮಾನ್ಯವಾಗಿ ಎರಡು ಬಾಡಿಗಳ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಪಟ್ಟಿ ಹಿಡಿದುಕೊಂಡು ಬರುತ್ತಾರೆ. ಇದರಲ್ಲಿ 20 ಮೆಗಾಪಿಕ್ಸೆಲ್, ಅದರಲ್ಲಿ 33. ಇದರ ರೇಟು ಇಷ್ಟು, ಅದರದ್ದು ಅಷ್ಟು. ಲೆನ್ಸ್ ಯಾವುದು ಅಂತ ಕೇಳಿದರೆ "ಅದು ಒಟ್ಟಿಗೆ ಕೊಡ್ತಾರಲ್ಲ" ಅನ್ನುತ್ತಾರೆ. ಲೆಕ್ಕ ತಪ್ಪುವುದು ಅಲ್ಲೇ. ಒಟ್ಟಿಗೆ ಕೊಡುವ ಕಿಟ್ ಲೆನ್ಸ್ ಹಾಕಿಕೊಂಡ ಮಿರರ್‌ಲೆಸ್, ಕತ್ತಲಾದ ಮೇಲೆ ಒಂದು ಒಳ್ಳೆಯ ಕಾಂಪ್ಯಾಕ್ಟ್‌ಗಿಂತ ಅಂಥಾ ಮುಂದೇನೂ ಇರುವುದಿಲ್ಲ ಮಾರಾಯ್ರೆ. ಹೋಲಿಸುವುದಾದರೆ ಬಾಡಿ ಮತ್ತು ಲೆನ್ಸ್ ಎರಡನ್ನೂ ಸೇರಿಸಿ ಹೋಲಿಸಿ, ಅದೂ ನೀವು ನಿಜವಾಗಿ ಫೋಟೋ ತೆಗೆಯುವ ಜಾಗದಲ್ಲಿ.

ಮೊದಲು ಒಂದು ಸಣ್ಣ ಲೆಕ್ಕ

ಒಳ್ಳೆಯ ಕಾಂಪ್ಯಾಕ್ಟ್‌ಗಳಲ್ಲಿ ಇರುವುದು ಒಂದಿಂಚಿನ ಸೆನ್ಸರ್ (ಬೆಳಕು ಹಿಡಿಯುವ ಚಿಪ್). ಹೆಸರಿಗೆ ಒಂದಿಂಚು, ಅಳತೆ ಮಾತ್ರ 13.2×8.8 ಮಿಲಿಮೀಟರ್. 2012ರಲ್ಲಿ ಸೋನಿಯ ಮೊದಲ ಆರ್‌ಎಕ್ಸ್100 ಬಂದಾಗಿನಿಂದ ಕಿಸೆಯ ಕ್ಯಾಮೆರಾಗಳಲ್ಲಿ ಇದೇ ಅಳತೆ ನಡೆದುಕೊಂಡು ಬಂದಿದೆ. ಫುಲ್‌ಫ್ರೇಮ್ ಮಿರರ್‌ಲೆಸ್‌ನ ಸೆನ್ಸರ್ 36×24 ಮಿಲಿಮೀಟರ್, ಅಂದರೆ ವಿಸ್ತೀರ್ಣದಲ್ಲಿ ಏಳು ಪಟ್ಟಿಗಿಂತ ಜಾಸ್ತಿ. ಇಷ್ಟು ಕೇಳಿದ ಕೂಡಲೇ ಪೈಪೋಟಿ ಮುಗಿಯಿತು ಅನ್ನಿಸುತ್ತದೆ ಅಲ್ವಾ? ಮುಗಿದಿಲ್ಲ.

ಲೆನ್ಸ್ ಎಷ್ಟು ತೆರೆಯುತ್ತದೆ ಅಂತ ಹೇಳಲು ಅದರ ಮೇಲೆ ಬರೆದ ಎಫ್ ಸಂಖ್ಯೆಯನ್ನು ಸೆನ್ಸರಿಗೆ ತಕ್ಕಂತೆ ಗುಣಿಸಿ. ಒಂದಿಂಚಿಗೆ 2.7, ಇವೆರಡರ ನಡುವಿನ ಅಳತೆಯ ಎಪಿಎಸ್-ಸಿ ಸೆನ್ಸರಿಗೆ 1.5, ಫುಲ್‌ಫ್ರೇಮಿಗೆ 1. ಎಕ್ಸ್‌ಪೋಶರ್ (ಫೋಟೋ ಎಷ್ಟು ಬೆಳ್ಳಗೆ ಬರುತ್ತದೆ ಅನ್ನುವುದು) ಇದರಿಂದ ಬದಲಾಗುವುದಿಲ್ಲ. ಫೋಟೋದಲ್ಲಿ ನಾಯ್ಸ್ (ಕಾಳುಕಾಳು) ಎಷ್ಟು ಬರುತ್ತದೆ, ಹಿನ್ನೆಲೆ ಎಷ್ಟು ಮಸುಕಾಗುತ್ತದೆ ಅಂತ ಹೋಲಿಸಲು ಮಾತ್ರ ಈ ಗುಣಾಕಾರ. ಒಂದಿಂಚಿನ ಕಾಂಪ್ಯಾಕ್ಟ್ ಆದ ಕ್ಯಾನನ್ ಜಿ7ಎಕ್ಸ್ ಮಾರ್ಕ್ 3ರ ಲೆನ್ಸ್ ಎಫ್ 1.8ರಿಂದ ಶುರುವಾಗಿ ಜೂಮ್ ಮಾಡಿದಾಗ 2.8ಕ್ಕೆ ನಿಲ್ಲುತ್ತದೆ. ಗುಣಿಸಿದರೆ 4.9 ಮತ್ತು 7.6. ಎಪಿಎಸ್-ಸಿ ಮಿರರ್‌ಲೆಸ್‌ಗೆ ಕೊಡುವ 3.5ರಿಂದ 5.6ರ ಕಿಟ್ ಲೆನ್ಸ್ ಗುಣಿಸಿದರೆ ಸುಮಾರು 5.3 ಮತ್ತು 8.4. ಸಂಖ್ಯೆ ಕಡಿಮೆ ಇದ್ದಷ್ಟು ಒಳ್ಳೆಯದು, ಹಾಗಾಗಿ ಇಲ್ಲಿ ಕಿಸೆಯ ಕ್ಯಾಮೆರಾವೇ ಕೂದಲೆಳೆಯಷ್ಟು ಮುಂದೆ. ಫುಲ್‌ಫ್ರೇಮಿಗೇ ಅಂಥ ಕಿಟ್ ಲೆನ್ಸ್ ಹಾಕಿದರೂ ವ್ಯತ್ಯಾಸ ಒಂದು ಸ್ಟಾಪ್ ಒಳಗೆ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು).

ಅದೇ ಫುಲ್‌ಫ್ರೇಮಿಗೆ 50 ಮಿಲಿಮೀಟರಿನ ಎಫ್ 1.8 ಲೆನ್ಸ್ ಹಾಕಿ ನೋಡಿ. ಕಾಂಪ್ಯಾಕ್ಟ್‌ಗಿಂತ ಕಡಿಮೆ ಎಂದರೂ ಏಳು ಪಟ್ಟು ಬೆಳಕು ಸಿಗುತ್ತದೆ. ಈಗ ನಿಜವಾದ ಅಂತರ ಕಾಣುತ್ತದೆ. ಮಿರರ್‌ಲೆಸ್ ತಗೊಂಡು ಒಳ್ಳೆಯ ಲೆನ್ಸಿಗೆ ದುಡ್ಡು ಉಳಿಯುವುದಿಲ್ಲ ಅಂತಾದರೆ ತಗೊಳ್ಳುವುದೇ ಬೇಡ, ಇದು ನನ್ನ ಖಡಕ್ ಅಭಿಪ್ರಾಯ.

ಪರೀಕ್ಷೆಗೆ ಹೊರಡುವ ಮೊದಲು

ಮಿರರ್‌ಲೆಸ್ ಒಂದು ದಿನಕ್ಕೆ ಬಾಡಿಗೆಗೆ ತನ್ನಿ, ಜೊತೆಗೆ ಒಂದು ಎಫ್ 1.8 ಲೆನ್ಸ್ ಕೇಳಿ. ಕಾಂಪ್ಯಾಕ್ಟ್ ಗೆಳೆಯರಿಂದ ಸಿಗಬಹುದು. ಎರಡರಲ್ಲೂ ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಫೈಲ್) ಆನ್ ಮಾಡಿ, ಯಾಕೆಂದರೆ ಜೆಪೆಗ್ ಮಾತ್ರ ನೋಡಿದರೆ ನೀವು ಹೋಲಿಸುವುದು ಎರಡು ಕಂಪನಿಗಳ ಬಣ್ಣದ ರುಚಿಯನ್ನು, ಕ್ಯಾಮೆರಾವನ್ನಲ್ಲ. ಒಂದೇ ಜಾಗದಲ್ಲಿ ನಿಂತು, ಒಂದೇ ಅಗಲಕ್ಕೆ ಜೂಮ್ ಮಾಡಿ, ಒಂದೇ ಶಟರ್ ಸ್ಪೀಡ್ ಇಟ್ಟು, ಎರಡೂ ಲೆನ್ಸನ್ನು ಪೂರ್ತಿ ತೆರೆದು, ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) ಆಟೋಗೆ ಬಿಟ್ಟು ಒಂದರ ಹಿಂದೆ ಒಂದು ಕ್ಲಿಕ್ ಮಾಡಿ. ಒಂದು ಫೋಟೋ ಬೆಳಗ್ಗೆ, ಇನ್ನೊಂದು ಸಂಜೆ ತೆಗೆದು ಹೋಲಿಸಿ ಪ್ರಯೋಜನವಿಲ್ಲ.

ಬೆಳಗ್ಗೆ ಧಕ್ಕೆಯಲ್ಲಿ

ಮಂಗಳೂರಿನ ಮೀನುಗಾರಿಕೆ ಧಕ್ಕೆಗೋ ಮಲ್ಪೆಯ ಬಂದರಿಗೋ ಬೆಳಗ್ಗೆ ಬೇಗ ಹೋಗಿ. ಬಂಗುಡೆ ಬುಟ್ಟಿಯ ಮೇಲೆ ಓರೆಬಿಸಿಲು ಬಿದ್ದಾಗ ಹೊಟ್ಟೆಯ ಬೆಳ್ಳಿ ಭಾಗ ಕನ್ನಡಿಯ ಹಾಗೆ ಹೊಳೆಯುತ್ತದೆ, ಬೆನ್ನಿನ ಕಪ್ಪು ಪಟ್ಟೆ ನೆರಳಲ್ಲಿ ಮುಳುಗಿರುತ್ತದೆ. ಹೊಳಪು ಬಿಳಿಯಾಗಿ ಹಾರಿಹೋಗದಂತೆ ಎರಡರಲ್ಲೂ ಎಕ್ಸ್‌ಪೋಶರ್ ಒಂದು ಸ್ಟಾಪ್ ಇಳಿಸಿ ತೆಗೆಯಿರಿ. ಮನೆಗೆ ಬಂದು ಕಂಪ್ಯೂಟರಿನಲ್ಲಿ ನೆರಳನ್ನು ಮೇಲಕ್ಕೆತ್ತಿ. ಒಂದು ಸ್ಟಾಪ್ ಎತ್ತಿದರೆ ಎರಡೂ ಫೋಟೋ ಅಣ್ಣ ತಮ್ಮ. ಮೂರು ಸ್ಟಾಪ್ ಎತ್ತಿದಾಗ ಒಂದಿಂಚಿನ ಫೈಲಿನಲ್ಲಿ ಬಣ್ಣದ ಕಾಳುಕಾಳು ಏಳುತ್ತದೆ, ಫುಲ್‌ಫ್ರೇಮಿನದ್ದು ತಡೆದುಕೊಳ್ಳುತ್ತದೆ. ನೀವು ಯಾವತ್ತಾದರೂ ಮೂರು ಸ್ಟಾಪ್ ಎತ್ತುತ್ತೀರಾ ಅನ್ನುವುದು ನಿಮಗೇ ಗೊತ್ತಿರುವ ವಿಷಯ. ವಾಟ್ಸಾಪಿಗೆ ಹಾಕುವವರಿಗೆ ಇದು ಬೇಕಾಗುವುದಿಲ್ಲ.

ಇನ್ನೊಂದು ಸಂಗತಿ ಯಾವ ಪಟ್ಟಿಯಲ್ಲೂ ಸಿಗುವುದಿಲ್ಲ. ದೊಡ್ಡ ಕ್ಯಾಮೆರಾ ಎತ್ತಿದರೆ "ಯಾವ ಪೇಪರಿನವರು?" ಅಂತ ಪ್ರಶ್ನೆ ಬರುತ್ತದೆ, ಮೀನು ವಿಂಗಡಿಸುವ ಕೈ ನಿಲ್ಲುತ್ತದೆ, ಎಲ್ಲರೂ ನೇರ ನಿಂತು ನಗುತ್ತಾರೆ. ಸಣ್ಣದು ಎತ್ತಿದರೆ ಯಾರಿಗೂ ಲೆಕ್ಕವೇ ಇಲ್ಲ. ಹಾಗಂತ ಕೇಳದೆ ಮುಖದ ಹತ್ತಿರ ಹಿಡಿಯುವುದು ಬೇಡ.

ಅಲ್ಲಿಂದ ತಿಂಡಿಗೆ ಹೋದಾಗ ನೀರ್ ದೋಸೆಯ ತಟ್ಟೆಯನ್ನು ಕೂತಲ್ಲಿಂದಲೇ ಎರಡರಲ್ಲೂ ತೆಗೆದು ನೋಡಿ. ಜಿ7ಎಕ್ಸ್ ಅಗಲಕ್ಕೆ ಇಟ್ಟಾಗ 5 ಸೆಂಟಿಮೀಟರ್ ಹತ್ತಿರಕ್ಕೂ ಫೋಕಸ್ ಮಾಡುತ್ತದೆ. ಸೋನಿಯ 50 ಮಿಲಿಮೀಟರ್ ಎಫ್ 1.8 ಲೆನ್ಸಿಗೆ ಕನಿಷ್ಠ 45 ಸೆಂಟಿಮೀಟರ್ ದೂರ ಬೇಕು, 85 ಮಿಲಿಮೀಟರಿನದ್ದಕ್ಕೆ 80. ಅಂದರೆ ತಟ್ಟೆಯ ಫೋಟೋಕ್ಕೆ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಲ್ಲಬೇಕು. ಲಕ್ಷಗಟ್ಟಲೆ ಕೊಟ್ಟ ಮೇಲೆ ದೋಸೆ ಫೋಕಸ್ ಆಗುತ್ತಿಲ್ಲ ಅಂತ ಒದ್ದಾಡುವುದು ಯಾರಿಗೆ ಬೇಕು?

ಕಂಬಳದಲ್ಲಿ

ಓಡುವ ವಸ್ತುವಿಗೆ ನಮ್ಮೂರಲ್ಲಿ ಕಂಬಳಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. 2020ರ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ನಿಮಗೆ ನೆನಪಿರಬಹುದು. ಭಾಗಿಸಿ ನೋಡಿದರೆ ಸೆಕೆಂಡಿಗೆ ಹತ್ತು ಮೀಟರಿಗಿಂತ ಜಾಸ್ತಿ. ಶಟರ್ 1/100 ಸೆಕೆಂಡಿಗೆ ಇಟ್ಟರೆ ಆ ಹೊತ್ತಿನಲ್ಲಿ ಕೋಣ ಹತ್ತು ಸೆಂಟಿಮೀಟರ್ ಮುಂದೆ ಹೋಗಿರುತ್ತದೆ, ಫೋಟೋದಲ್ಲಿ ಮೂತಿಯೇ ಅಳಿಸಿಹೋಗುತ್ತದೆ. 1/1000 ಇಟ್ಟರೆ ಒಂದು ಸೆಂಟಿಮೀಟರ್, ನಡೆಯುತ್ತದೆ. ಕನೆಹಲಗೆ ಓಟದಲ್ಲಿ ಮೇಲೆ ಕಟ್ಟಿದ ನಿಶಾನೆಗೆ ಚಿಮ್ಮುವ ನೀರಿನ ಹನಿಗಳು ಬಿಡಿಬಿಡಿಯಾಗಿ ಕಾಣಬೇಕಾದರೆ ಅದಕ್ಕಿಂತಲೂ ಮೇಲೆ, 1/2000 ಇಡಿ.

ಹಗಲಲ್ಲಿ ಇದು ಎರಡಕ್ಕೂ ಆಗುತ್ತದೆ. ಆರ್‌ಎಕ್ಸ್100 ಸೆವೆನ್ 302 ಗ್ರಾಂ ತೂಗುತ್ತದೆ, 24ರಿಂದ 200 ಮಿಲಿಮೀಟರಿನಷ್ಟು ಜೂಮ್ ಇದೆ, ಸೆಕೆಂಡಿಗೆ 20 ಫೋಟೋ ಹೊಡೆಯುತ್ತದೆ, ಫೋಕಸ್ಸೂ ಹಿಂಬಾಲಿಸುತ್ತದೆ. ಕರೆಯ (ಕೋಣ ಓಡುವ ಕೆಸರಿನ ಕಣದ) ಬದಿಯಲ್ಲಿ ಜನರ ತಲೆಗಳ ನಡುವಿನಿಂದ ಕೈ ಎತ್ತಿ ತೆಗೆಯುವುದಕ್ಕೆ ಅದಕ್ಕಿಂತ ಸಲೀಸಾದದ್ದು ಇಲ್ಲ. ರಾತ್ರಿ ಫ್ಲಡ್‌ಲೈಟಿನಲ್ಲಿ ಮಾತ್ರ ಕಥೆ ಬೇರೆ. 200ಕ್ಕೆ ಜೂಮ್ ಮಾಡಿದಾಗ ಅದರ ಲೆನ್ಸ್ ಎಫ್ 4.5, ಗುಣಿಸಿದರೆ 12ರ ಮೇಲೆ. ಫುಲ್‌ಫ್ರೇಮಿನ 70-200 ಎಫ್ 2.8 ಲೆನ್ಸಿನ ಎದುರು ಇಟ್ಟರೆ ಬೆಳಕಿನಲ್ಲಿ ಸುಮಾರು 19 ಪಟ್ಟು ಅಂತರ. ಆ ಲೆನ್ಸ್ ಹಗುರವಾಗಿದೆ ಅಂತ ಹೊಗಳಿಸಿಕೊಂಡ ಸೋನಿಯ ಹೊಸ ಆವೃತ್ತಿಯೇ ಒಂದು ಕಿಲೋಗಿಂತ ಜಾಸ್ತಿ ಭಾರ, ಬಾಡಿ ಬೇರೆ. ರಾತ್ರಿ ಕಂಬಳ ನಿಮ್ಮ ಮುಖ್ಯ ವಿಷಯವಾದರೆ ಯೋಚನೆ ಮಾಡಬೇಡಿ, ಮಿರರ್‌ಲೆಸ್ಸೇ. ವರ್ಷಕ್ಕೊಮ್ಮೆ ಹೋಗಿ ಬರುವವರಾದರೆ ಆ ಒಂದು ರಾತ್ರಿಗೆ ಬಾಡಿಗೆ ತಗೊಳ್ಳಿ.

ಯಕ್ಷಗಾನದ ರಾತ್ರಿ

ನನ್ನ ಪ್ರಕಾರ ಇದೇ ಫೈನಲ್ ಪರೀಕ್ಷೆ. ರಂಗಸ್ಥಳದ ಹಿಂದೆ ಕತ್ತಲೆ, ವೇಷದ ಮೇಲೆ ಬೆಳಕು, ಪುಂಡುವೇಷದವರು (ಚುರುಕಿನ ತರುಣ ಪಾತ್ರಗಳು) ಗಿರಗಿರ ಸುತ್ತುತ್ತಾ ಧೀಂಗಿಣ ಹಾರಲು ಶುರು ಮಾಡಿದರೆ ನಿಲ್ಲುವುದೇ ಇಲ್ಲ. ಹಿನ್ನೆಲೆಯ ಕತ್ತಲೆ ನೋಡಿ ಯಾವ ಕ್ಯಾಮೆರಾ ಆದರೂ ಫೋಟೋ ಬೆಳ್ಳಗೆ ಮಾಡಿಬಿಡುತ್ತದೆ, ಮುಖದ ಬಣ್ಣ ಎಲ್ಲ ಸುಣ್ಣ ಬಳಿದಂತಾಗುತ್ತದೆ. ಎಕ್ಸ್‌ಪೋಶರ್ ಮೈನಸ್ ಒಂದಕ್ಕೆ ಇಳಿಸಿ. ಕಣ್ಣು ಹುಡುಕುವ ಆಟೋಫೋಕಸ್ ಸ್ತ್ರೀವೇಷದ ಮೇಲೆ ಚೆನ್ನಾಗಿ ಕೂರುತ್ತದೆ. ರಾಕ್ಷಸ ಪಾತ್ರಗಳ ಬಣ್ಣದ ವೇಷದಲ್ಲಿ ಮುಖಕ್ಕೆ ಇಡುವ ಬಿಳಿ ಚುಟ್ಟಿಯ ನಡುವೆ ಮಾತ್ರ ಕೆಲವೊಮ್ಮೆ ತಬ್ಬಿಬ್ಬಾಗುತ್ತದೆ, ಆಗ ಒಂದೇ ಬಿಂದು ಇಟ್ಟುಕೊಂಡು ನೀವೇ ಫೋಕಸ್ ಮಾಡಿ.

ಶಟರ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣದು, ಎಲೆಕ್ಟ್ರಾನಿಕ್ ಶಟರಿಗೆ ಕಾಣುತ್ತದೆ. ಫೋಟೋದ ಮೇಲೆ ಅಡ್ಡಪಟ್ಟೆಗಳು ಬೀಳುತ್ತವೆ. ಮಿರರ್‌ಲೆಸ್‌ನಲ್ಲಿ ಸೈಲೆಂಟ್ ಮೋಡ್ ಆಫ್ ಮಾಡಿ ಮೆಕ್ಯಾನಿಕಲ್ ಶಟರ್ ಹಾಕಿ, ಮೆನುವಿನಲ್ಲಿ ಆಂಟಿ ಫ್ಲಿಕರ್ ಇದ್ದರೆ ಆನ್ ಮಾಡಿ. ವೇಷಧಾರಿ ನಿಂತು ಮಾತಾಡುವಾಗ 1/100 ಸಾಕು, ಕುಣಿತಕ್ಕೆ 1/250 ಅಥವಾ ಮೇಲೆ. ವಿಡಿಯೋ ಆದರೆ 25 ಫ್ರೇಮ್, 1/50. ಕಾಂಪ್ಯಾಕ್ಟ್‌ಗೆ ಇಲ್ಲೊಂದು ಲಾಭ ಉಂಟು. ಅದರ ಮೆಕ್ಯಾನಿಕಲ್ ಶಟರ್ ಲೆನ್ಸಿನ ಒಳಗೇ ಇರುವುದರಿಂದ ಇಡೀ ಫೋಟೋಗೆ ಬೆಳಕು ಒಟ್ಟಿಗೆ ಬೀಳುತ್ತದೆ, ಪಟ್ಟೆಯ ಕಾಟ ಇಲ್ಲ, ಸದ್ದೂ ಇಲ್ಲದಷ್ಟು ಮೆತ್ತಗೆ. ಭಾಗವತರು ಆಲಾಪ ಎತ್ತಿದಾಗ ಪಕ್ಕದಲ್ಲಿ ಕೂತು ಟಕಟಕ ಅನ್ನಿಸುವವರನ್ನು ಜನ ಹೇಗೆ ನೋಡುತ್ತಾರೆ ಅಂತ ಗೊತ್ತಲ್ಲ.

ಬ್ಯಾಟರಿಯನ್ನೂ ನೋಡಿ. ಕಂಪನಿ ಲೆಕ್ಕದಲ್ಲಿ ಆರ್‌ಎಕ್ಸ್100 ಸೆವೆನ್ ಒಂದು ಚಾರ್ಜಿಗೆ 260 ಫೋಟೋ, ಸೋನಿಯ ಫುಲ್‌ಫ್ರೇಮ್ ಮಿರರ್‌ಲೆಸ್ ಎ7 ಫೋರ್ 580. ಬೆಳಗಿನವರೆಗಿನ ಆಟಕ್ಕೆ ಕಾಂಪ್ಯಾಕ್ಟ್ ಒಯ್ಯುವವರು ಹೆಚ್ಚುವರಿ ಬ್ಯಾಟರಿ ಇಟ್ಟುಕೊಳ್ಳಲೇಬೇಕು.

ಮರುದಿನ ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿ, ಆದರೆ ನೂರು ಪರ್ಸೆಂಟ್ ಜೂಮ್ ಮಾಡಿ ಮೂಗಿನ ರಂಧ್ರ ಹೋಲಿಸುತ್ತಾ ಕೂರಬೇಡಿ. 33 ಮೆಗಾಪಿಕ್ಸೆಲಿನದ್ದನ್ನು 20ಕ್ಕೆ ಇಳಿಸಿ ಒಂದೇ ಅಳತೆಯಲ್ಲಿ ನೋಡಿ. ಆಮೇಲೆ ಎರಡರಿಂದಲೂ ಒಂದೊಂದು ಫೋಟೋವನ್ನು 12×18 ಇಂಚಿಗೆ ಪ್ರಿಂಟ್ ಹಾಕಿಸಿ. ಯಾವುದು ಯಾವುದರಲ್ಲಿ ತೆಗೆದದ್ದು ಅಂತ ಹೇಳದೆ ಮನೆಯವರ ಕೈಗೆ ಕೊಡಿ. ಧಕ್ಕೆಯ ಫೋಟೋದಲ್ಲಿ ಅವರಿಗೆ ವ್ಯತ್ಯಾಸ ಗೊತ್ತಾಗುವುದು ಅಪರೂಪ. ಯಕ್ಷಗಾನದ್ದರಲ್ಲಿ ಗೊತ್ತಾಗುತ್ತದೆ.

ಮಳೆಗಾಲ ಮತ್ತು ಮರಳು

ಮೇ ಕೊನೆಗೆ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ನಿಲ್ಲಿಸಿದ ಮೇಲೆ ಕ್ಯಾಮೆರಾ ಕಪಾಟು ಸೇರುತ್ತದೆ, ನಮ್ಮ ಕಡೆ ಹೆಚ್ಚಿನ ಕ್ಯಾಮೆರಾಗಳು ಹಾಳಾಗುವುದು ಆಗಲೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯುವ ಊರಿನಲ್ಲಿ ಲೆನ್ಸಿನ ಗಾಜನ್ನು ಬಿಡುತ್ತದೆಯೇ? ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ತೇವಾಂಶ ತೋರಿಸುವ ಸಣ್ಣ ಮೀಟರ್ ಸಾಕು. ಮೀಟರ್ 40ರಿಂದ 50ರ ನಡುವೆ ನಿಲ್ಲಬೇಕು. ಕಾಂಪ್ಯಾಕ್ಟ್‌ಗೆ ಅಡುಗೆಮನೆಯ ಡಬ್ಬಿಯೇ ಆಗುತ್ತದೆ. ಮೂರ್ನಾಲ್ಕು ಲೆನ್ಸ್ ಆದ ಮೇಲೆ ಡ್ರೈ ಕ್ಯಾಬಿನೆಟ್ ಬೇಕು, ಆ ಖರ್ಚನ್ನೂ ಮಿರರ್‌ಲೆಸ್ ಲೆಕ್ಕಕ್ಕೇ ಸೇರಿಸಿ.

ಬೀಚಿನಲ್ಲಿ ಎರಡಕ್ಕೂ ಬೇರೆಬೇರೆ ಶತ್ರು. ಕಾಂಪ್ಯಾಕ್ಟ್‌ನ ಲೆನ್ಸ್ ಒಳಗೆ ಹೊರಗೆ ಹೋಗುವಾಗ ಒಂದು ಮರಳಿನ ಕಣ ಸಿಕ್ಕಿಕೊಂಡರೂ ಅಲ್ಲೇ ನಿಲ್ಲುತ್ತದೆ. ತಣ್ಣೀರುಬಾವಿಯಲ್ಲೋ ಪಣಂಬೂರಿನಲ್ಲೋ ಅದನ್ನು ಸುಮ್ನೆ ಪ್ಯಾಂಟಿನ ಕಿಸೆಗೆ ಹಾಕಬೇಡಿ, ಸಣ್ಣ ಚೀಲದಲ್ಲಿಡಿ. ಮಿರರ್‌ಲೆಸ್ ಆದರೆ ಗಾಳಿಯಲ್ಲಿ ನಿಂತು ಲೆನ್ಸ್ ಬದಲಾಯಿಸಬೇಡಿ, ಮನೆಯಿಂದಲೇ ಒಂದು ಲೆನ್ಸ್ ಹಾಕಿಕೊಂಡು ಹೋಗಿ. ಎಸಿ ಕಾರಿನಿಂದ ಇಳಿದ ಕೂಡಲೇ ಬ್ಯಾಗಿನಿಂದ ತೆಗೆದರೆ ಎರಡೂ ಮಂಜಾಗುತ್ತವೆ, ಸ್ವಲ್ಪ ಹೊತ್ತು ಬ್ಯಾಗಿನಲ್ಲೇ ಇರಲಿ.

ಸೆಕೆಂಡ್‌ಹ್ಯಾಂಡ್ ತಗೊಳ್ಳುವುದಾದರೆ

ಕರಾವಳಿಯಲ್ಲಿ ಬಳಸಿದ ಕ್ಯಾಮೆರಾ ಅಂದರೆ ಜಾಸ್ತಿ ಹುಷಾರು ಬೇಕು. ಕಾಂಪ್ಯಾಕ್ಟ್ ಆದರೆ ಹತ್ತಾರು ಸಲ ಆನ್ ಆಫ್ ಮಾಡಿ, ಜೂಮ್ ಕೊನೆಯವರೆಗೆ ಎಳೆದು ಕಿವಿಗೆ ಹಿಡಿಯಿರಿ. ಕರಕರ ಅಂದರೆ ಒಳಗೆ ಮರಳಿದೆ. ಮುಚ್ಚುವಾಗ ಮುಂದಿನ ರೆಪ್ಪೆಗಳು ಪೂರ್ತಿ ಕೂಡಬೇಕು. ಬಿಳಿ ಗೋಡೆಯನ್ನು ಎಫ್ 11ರಲ್ಲಿ ತೆಗೆದು ಕಪ್ಪು ಚುಕ್ಕೆ ಇದೆಯಾ ನೋಡಿ. ಮಿರರ್‌ಲೆಸ್ ಆದರೆ ಅಂಥ ಧೂಳನ್ನು ಬ್ಲೋವರಿನಿಂದ ಊದಿ ತೆಗೆಯಬಹುದು, ಕಾಂಪ್ಯಾಕ್ಟ್‌ನದ್ದನ್ನು ಇಡೀ ಬಿಚ್ಚಬೇಕು. ಬಿಡಿ ಲೆನ್ಸಿಗೆ ಹಿಂದಿನಿಂದ ಮೊಬೈಲ್ ಟಾರ್ಚ್ ಹಾಕಿ ಮುಂದಿನಿಂದ ಓರೆಯಾಗಿ ನೋಡಿ. ಜೇಡರ ಬಲೆಯಂಥ ಬಿಳಿ ಎಳೆಗಳು ಕಂಡರೆ ಅದು ಫಂಗಸ್. ಮಾರುವವರು ಎಷ್ಟು ರೇಟು ಇಳಿಸಿದರೂ ವಾಪಸ್ ಕೊಟ್ಟು ಬನ್ನಿ.