ಕೋಡ್ ಬರೆಯುವ ಕೆಲಸದಲ್ಲಿ ಓದುವುದೇ ಜಾಸ್ತಿ

ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಅಂದರೆ ಬೆಳಗ್ಗೆಯಿಂದ ಸಂಜೆವರೆಗೆ ಕೋಡ್ ಬರೆಯುವುದು ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ಕೆಲಸ ಹುಡುಕುತ್ತಿರುವ ಹುಡುಗರು ನನ್ನನ್ನು ಕೇಳುವ ಪ್ರಶ್ನೆಯೂ ಅದೇ. ಯಾವ ಲ್ಯಾಂಗ್ವೇಜ್ ಕಲಿಯಲಿ, ಎಷ್ಟು ಬೇಗ ಬರೆಯಲು ಬರಬೇಕು? ನನ್ನ ದಿನಗಳು ಹಾಗೆ ಕಳೆಯುವುದಿಲ್ಲ. ಹೆಚ್ಚಿನ ಹೊತ್ತು ಹೋಗುವುದು ಬೇರೆಯವರು ಬರೆದಿಟ್ಟಿದ್ದನ್ನು ಓದುವುದಕ್ಕೆ, ಇದನ್ನು ಹೀಗೇಕೆ ಬರೆದರು ಅಂತ ಪತ್ತೆ ಹಚ್ಚುವುದಕ್ಕೆ. ಬರೆದವರನ್ನೇ ಕೇಳೋಣ ಅಂದರೆ ಎಷ್ಟೋ ಸಲ ಅವರು ಕಂಪನಿ ಬಿಟ್ಟು ಹೋಗಿರುತ್ತಾರೆ.

ಒಂದು ಟಿಕೆಟ್, ಅಂದರೆ ನಂಬರ್ ಹಾಕಿ ದಾಖಲಿಸಿದ ಒಂದು ದೂರಿನ ವಿಷಯ ಪೂರ್ತಿ ಹೇಳುತ್ತೇನೆ. ಈ ಕೆಲಸ ಹೇಗಿರುತ್ತದೆ ಅನ್ನುವುದು ಅದರಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ಗ್ರಾಹಕರ ಹೆಸರು ಅರ್ಧಕ್ಕೆ ನಿಲ್ಲುತ್ತಿದೆ ಅಂತ ದೂರು ಬಂದಿತ್ತು. ಜೊತೆಗೊಂದು ಸ್ಕ್ರೀನ್‌ಶಾಟ್. ಅದರಲ್ಲಿ ‘ಸುಬ್ರಹ್ಮಣ್ಯ’ ಇರಬೇಕಾದಲ್ಲಿ ‘ಸುಬ್ರಹ್ಮಣ್’ ಅಂತಿತ್ತು. ಇಂಗ್ಲಿಷ್ ಅಕ್ಷರದಲ್ಲಿದ್ದ ಹೆಸರುಗಳಿಗೆ ಏನೂ ಆಗಿರಲಿಲ್ಲ. ಡೇಟಾಬೇಸ್ ನೋಡಿದೆ, ಹೆಸರು ಪೂರ್ತಿ ಇದೆ. ನಮ್ಮ ಪರದೆಯಲ್ಲೂ ಪೂರ್ತಿ ಇದೆ. ರಾತ್ರಿ ಹೊತ್ತು ಬೇರೊಂದು ಸಿಸ್ಟಮ್‌ಗೆ ಒಂದು ಫೈಲ್ ಕಳಿಸುತ್ತೇವೆ, ಅದರಲ್ಲಿ ಮಾತ್ರ ತುಂಡಾಗಿದೆ. ಹಾಗಾದರೆ ಫೈಲ್ ತಯಾರಿಸುವ ಪ್ರೋಗ್ರಾಮಿನಲ್ಲೇ ಎಲ್ಲೋ ಕತ್ತರಿ ಬೀಳುತ್ತಿದೆ.

ಹುಡುಕಿದಾಗ ಸಿಕ್ಕಿದ್ದು ಒಂದೇ ಸಾಲು. ಹೆಸರನ್ನು ಯುಟಿಎಫ್-8 ಬೈಟ್‌ಗಳಾಗಿ ಮಾಡು, ಮೊದಲ 30 ಬೈಟ್ ಇಟ್ಟುಕೋ, ಉಳಿದದ್ದು ಬಿಡು. ಯುಟಿಎಫ್-8 ಅಂದರೆ ಎಲ್ಲ ಭಾಷೆಯ ಅಕ್ಷರಗಳನ್ನೂ ಕಂಪ್ಯೂಟರಿನಲ್ಲಿ ಬೈಟ್‌ಗಳಾಗಿ ಇಡುವ ಒಂದು ಪದ್ಧತಿ. ಅದರಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು. ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಸುಬ್ರಹ್ಮಣ್ಯ ನಮ್ಮ ಕಣ್ಣಿಗೆ 4 ಅಕ್ಷರ. ಕಂಪ್ಯೂಟರ್ ಮಾತ್ರ ಸ, ಕೊಂಬು, ಬ, ಹಲಂತ, ರ ಅಂತ ಬಿಡಿಸಿಕೊಂಡು 11 ಸಂಕೇತ ಎಣಿಸುತ್ತದೆ. ಒಟ್ಟು 33 ಬೈಟ್. 30ಕ್ಕೆ ಕತ್ತರಿಸಿದರೆ ಕೊನೆಯ ‘ಯ’ ಹೋಗುತ್ತದೆ.

ಇದು ಬಹಳ ದಿನ ಯಾರ ಕಣ್ಣಿಗೂ ಬೀಳದೆ ಇದ್ದದ್ದಕ್ಕೆ ಕಾರಣವೂ ಆ 30ರಲ್ಲೇ ಇತ್ತು. 30 ಅನ್ನು 3ರಿಂದ ಸರಿಯಾಗಿ ಭಾಗಿಸಬಹುದು. ಹಾಗಾಗಿ ಕತ್ತರಿ ಎರಡು ಸಂಕೇತಗಳ ನಡುವೆಯೇ ಬೀಳುತ್ತಿತ್ತು. ಇನಿಷಿಯಲ್‌ಗೆ ಬೇರೆ ಕಾಲಂ ಇದ್ದದ್ದರಿಂದ ಹೆಸರಿನ ನಡುವೆ ಈ ಲೆಕ್ಕ ತಪ್ಪಿಸುವ 1 ಬೈಟಿನ ಚುಕ್ಕೆ, ಸ್ಪೇಸ್ ಯಾವುದೂ ಇರುತ್ತಿರಲಿಲ್ಲ. ಮಿತಿ 32 ಇದ್ದಿದ್ದರೆ ಸಂಕೇತದ ಮಧ್ಯಕ್ಕೇ ಕತ್ತರಿ ಬಿದ್ದು, ಹೆಸರಿನ ಕೊನೆಯಲ್ಲಿ ಪ್ರಶ್ನೆ ಗುರುತೋ ಚೌಕವೋ ಕಾಣಿಸಿ, ಮೊದಲ ವಾರವೇ ಯಾರಾದರೂ ಹಿಡಿಯುತ್ತಿದ್ದರು.

ಈಗ 30 ತೆಗೆದು 90 ಹಾಕಿದರೆ ಆಯ್ತಲ್ವಾ ಅನ್ನಿಸುತ್ತದೆ. ಒಂದು ನಿಮಿಷದ ಕೆಲಸ. ಈ ವೃತ್ತಿಯಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ನಂಬುವ ಅಭ್ಯಾಸ ಇಲ್ಲೇ ಕೆಲಸಕ್ಕೆ ಬರುವುದು. ಯಾರೂ ಸುಮ್ನೆ 30 ಅಂತ ಬರೆದಿರುವುದಿಲ್ಲ. ಯಾಕೆ 30 ಅಂತ ಗೊತ್ತಾಗುವವರೆಗೆ ನಾನು ಆ ಸಾಲನ್ನು ಮುಟ್ಟುವುದಿಲ್ಲ.

ನಾವು ಕೋಡ್ ಇಡುವುದು ಗಿಟ್‌ನಲ್ಲಿ. ಕೋಡಿನ ಪ್ರತಿ ಬದಲಾವಣೆಯನ್ನೂ ಜೋಪಾನವಾಗಿಡುವ ಪ್ರೋಗ್ರಾಮ್ ಅದು. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಕೆಲಸಕ್ಕೆ ಬೇಕು ಅಂತ ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಇದನ್ನು ಬರೆದರು. ಯಾವ ಸಾಲನ್ನು ಯಾರು, ಯಾವತ್ತು, ಯಾವ ಬದಲಾವಣೆಯ ಜೊತೆ ಸೇರಿಸಿದರು ಅಂತ ತೋರಿಸಲು ಅದರಲ್ಲಿ ‘ಬ್ಲೇಮ್’ ಅನ್ನುವ ಕಮಾಂಡ್ ಇದೆ. ಹೆಸರು ಒರಟು, ಆದರೆ ನನಗೆ ಇದರಷ್ಟು ಉಪಕಾರ ಮಾಡಿದ ಕಮಾಂಡ್ ಇನ್ನೊಂದಿಲ್ಲ. ಅದು ಒಂದು ಹಳೆಯ ಟಿಕೆಟ್ ನಂಬರ್ ಕೊಟ್ಟಿತು. ಮುಚ್ಚಿದ ಟಿಕೆಟ್‌ಗಳ ರಾಶಿಯಲ್ಲಿ ಅದನ್ನು ತೆಗೆದು ಓದಿದೆ. ಫೈಲ್ ತೆಗೆದುಕೊಳ್ಳುವ ಆ ಕಡೆಯ ಸಿಸ್ಟಮ್ ಜಾಗ ಎಣಿಸಿ ಓದುತ್ತದೆ. ಹೆಸರಿಗೆ 30 ಜಾಗ, 31ರಿಂದ ಹುಟ್ಟಿದ ದಿನಾಂಕ. ಒಂದು ಸಾಲು ಉದ್ದವಾದರೂ ಇಡೀ ಫೈಲನ್ನೇ ತಿರಸ್ಕರಿಸುತ್ತದೆ. ಆ ಕಾಲಕ್ಕೆ ಹೆಸರುಗಳೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಬರುತ್ತಿದ್ದವು, 30 ಧಾರಾಳವಾಗಿ ಸಾಕಿತ್ತು. ಬರೆದವರು ಸರಿಯಾಗಿಯೇ ಬರೆದಿದ್ದರು. 90 ಮಾಡಿದ್ದರೆ ಅಂದಿನ ರಾತ್ರಿಯ ಫೈಲಿನಲ್ಲಿ ಒಬ್ಬರ ಹೆಸರೂ ಆ ಕಡೆ ಸೇರುತ್ತಿರಲಿಲ್ಲ.

ಆಮೇಲಿನದೆಲ್ಲ ಮಾತುಕತೆ. ಆ ಕಡೆಯ ತಂಡದವರನ್ನು ಹುಡುಕಿ, ಕಾಲಂಗಳ ನಡುವೆ ಗುರುತು ಹಾಕುವ ಹೊಸ ಫಾರ್ಮ್ಯಾಟ್‌ಗೆ ಒಪ್ಪಿಸಿದೆವು. ಅವರ ರಿಲೀಸ್ ದಿನಾಂಕ ಬರುವವರೆಗೆ ಕಾಯಬೇಕಿತ್ತು. ಅಲ್ಲಿಯವರೆಗೆ ತುಂಡಾದ ಹೆಸರುಗಳ ಪಟ್ಟಿಯನ್ನು ಬೆಳಗ್ಗೆ ಸಪೋರ್ಟ್‌ನವರಿಗೆ ಕಳಿಸುವ ಏರ್ಪಾಡು ಮಾಡಿದೆವು, ಅವರು ಕೈಯಲ್ಲಿ ಸರಿಪಡಿಸುತ್ತಿದ್ದರು. ಕನ್ನಡ, ಅರೇಬಿಕ್, ಚೈನೀಸ್ ಹೆಸರುಗಳನ್ನೂ 4 ಬೈಟ್ ಹಿಡಿಯುವ ಇಮೋಜಿಯನ್ನೂ ಸೇರಿಸಿ ಟೆಸ್ಟ್ ಬರೆದೆ. ವಾರಗಟ್ಟಲೆ ನಡೆದ ಈ ಕೆಲಸದಲ್ಲಿ ನಾನು ಬರೆದ ಕೋಡ್ ಒಂದು ಪುಟವೂ ಇರಲಿಲ್ಲ. ಕೋಡಿಗಿಂತ ಕಮಿಟ್ ಮೆಸೇಜ್, ಅಂದರೆ ಬದಲಾವಣೆಯ ಜೊತೆ ಗಿಟ್‌ನಲ್ಲಿ ಇಡುವ ವಿವರಣೆ, ಬರೆಯಲು ಹೆಚ್ಚು ಹೊತ್ತು ಹಿಡಿಯಿತು. 30 ಯಾಕಿತ್ತು, ಈಗ ಯಾಕೆ ಬೇಡ, ಹೊಸ ಫಾರ್ಮ್ಯಾಟ್ ಏನು ಎಲ್ಲವನ್ನೂ ಅದರಲ್ಲಿ ಬರೆದೆ. ಮುಂದೆ ಆ ಸಾಲಿನ ಮೇಲೆ ಬ್ಲೇಮ್ ಓಡಿಸುವವರಿಗೆ ಹಳೆಯ ಟಿಕೆಟ್ ರಾಶಿ ಕೆದಕುವ ಕಷ್ಟ ಬರಬಾರದು.

ಓದುವುದಕ್ಕೆ ಎಷ್ಟು ಹೊತ್ತು ಬೇಕು ಅಂತ ಮೊದಲೇ ಹೇಳುವುದು ಕಷ್ಟ. ಎಸ್ಟಿಮೇಟ್ ಕೇಳಿದಾಗ ಎಲ್ಲರೂ ಒದ್ದಾಡುವುದು ಅದಕ್ಕೇ. ನಾನೀಗ ಮ್ಯಾನೇಜರ್‌ಗೆ ನೇರವಾಗಿ ಹೇಳುತ್ತೇನೆ, ಇವತ್ತು ಪೂರ್ತಿ ಓದಿ ನೋಡುತ್ತೇನೆ, ನಾಳೆ ತಂಡದ ದಿನದ ಚಿಕ್ಕ ಮೀಟಿಂಗ್ ಆದ ಸ್ಟ್ಯಾಂಡಪ್‌ನಲ್ಲಿ ಎಷ್ಟು ದಿನ ಅಂತ ಹೇಳುತ್ತೇನೆ ಅಂತ. ಒಳ್ಳೆಯ ಮ್ಯಾನೇಜರ್ ಇದಕ್ಕೆ ಬೇಡ ಅನ್ನುವುದಿಲ್ಲ. ಇನ್ನು ಕೆಲಸ ತಡವಾದಾಗ ಇಬ್ಬರು ಹೊಸಬರನ್ನು ಕೊಡುತ್ತೇನೆ ಅನ್ನುವುದು ಎಲ್ಲ ಕಡೆಯೂ ಇದ್ದದ್ದೇ. ಐಬಿಎಂನಲ್ಲಿ ಓಎಸ್/360 ಎಂಬ ಆಪರೇಟಿಂಗ್ ಸಿಸ್ಟಮ್‌ನ ಕೆಲಸ ನಡೆಸಿದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದಿದ್ದಾರೆ, ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಅಂತ. ಹೊಸಬರೂ ಎಲ್ಲವನ್ನೂ ಮೊದಲಿನಿಂದ ಓದಬೇಕು, ಅವರಿಗೆ ಹೇಳಿಕೊಡಬೇಕಾದವರು ಈಗಾಗಲೇ ಕೆಲಸದಲ್ಲಿ ಮುಳುಗಿರುವವರೇ.

ರಿವ್ಯೂ, ಅಂದರೆ ಒಬ್ಬರ ಕೋಡನ್ನು ಇನ್ನೊಬ್ಬರು ಪರಿಶೀಲಿಸುವುದು, ಅದೂ ಓದುವ ಕೆಲಸವೇ. ದೊಡ್ಡ ಪುಲ್ ರಿಕ್ವೆಸ್ಟ್, ಅಂದರೆ ಕೋಡಿಗೆ ಸೇರಿಸಿ ಅಂತ ಕಳಿಸುವ ಬದಲಾವಣೆ, ಬಂದರೆ ಯಾರೂ ಗಮನವಿಟ್ಟು ಓದುವುದಿಲ್ಲ, ಮೇಲಿಂದ ಕೆಳಗೆ ಒಮ್ಮೆ ಕಣ್ಣಾಡಿಸಿ ಒಪ್ಪಿಗೆ ಕೊಡುತ್ತಾರೆ. ಅದಕ್ಕೆ ನಾನು ಚಿಕ್ಕ ಚಿಕ್ಕದಾಗಿ ಒಡೆದು ಕಳಿಸುತ್ತೇನೆ. ಬೇರೆಯವರ ಕೋಡಿಗೆ ‘ಇದು ತಪ್ಪು’ ಅಂತ ಬರೆಯುವ ಬದಲು ‘ಇಲ್ಲಿ ಪಟ್ಟಿ ಖಾಲಿ ಇದ್ದರೆ ಏನಾಗುತ್ತದೆ?’ ಅಂತ ಕೇಳುತ್ತೇನೆ. ಎಷ್ಟೋ ಸಲ ನನಗೆ ಗೊತ್ತಿಲ್ಲದ ಒಂದು ಒಳ್ಳೆಯ ಕಾರಣ ಅವರ ಹತ್ತಿರ ಇರುತ್ತದೆ.

ಹಳೆಯ ಕೋಡ್ ಬಗ್ಗೆ ಎಷ್ಟು ಎಚ್ಚರ ಬೇಕು ಅನ್ನುವುದಕ್ಕೆ ನಾನು ಎಲ್ಲರಿಗೂ ಹೇಳುವ ಘಟನೆ ಒಂದಿದೆ. 2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವ್ಯವಹಾರದ ಕಂಪನಿಯಲ್ಲಿ ಹೊಸ ಕೋಡ್ ಚಾಲನೆಗೆ ಬರಬೇಕಿತ್ತು. 8 ಸರ್ವರ್‌ಗಳಲ್ಲಿ 7ಕ್ಕೆ ಮಾತ್ರ ಅದನ್ನು ಹಾಕಿದ್ದರು, ಒಂದು ಬಿಟ್ಟುಹೋಗಿತ್ತು. ವರ್ಷಗಳಿಂದ ಬಳಸದ ಒಂದು ಹಳೆಯ ಕಾರ್ಯಕ್ಕೆ ಇದ್ದ ಸ್ವಿಚ್ಚನ್ನೇ ಹೊಸ ಕೋಡಿಗೂ ಬಳಸಿದ್ದರು. ಸ್ವಿಚ್ ಹಾಕಿದೊಡನೆ ಆ ಎಂಟನೆಯ ಸರ್ವರಿನಲ್ಲಿ ಹಳೆಯ ಕೋಡ್ ಎದ್ದು, ಬೇಡದ ಷೇರು ಆರ್ಡರ್‌ಗಳನ್ನು ಒಂದೇ ಸಮನೆ ಕಳಿಸಿತು. ಸುಮಾರು 45 ನಿಮಿಷದಲ್ಲಿ ಆದ ನಷ್ಟ 44 ಕೋಟಿ ಡಾಲರಿಗೂ ಹೆಚ್ಚು. ಈ ವಿಷಯ ಓದಿದ ಮೇಲೆ ನನ್ನ ಎರಡು ಪದ್ಧತಿ ಗಟ್ಟಿಯಾದವು. ಡಿಪ್ಲಾಯ್ ಆದ ಮೇಲೆ, ಅಂದರೆ ಹೊಸ ಕೋಡನ್ನು ಸರ್ವರ್‌ಗಳಿಗೆ ಹಾಕಿದ ಮೇಲೆ, ಪ್ರತಿ ಸರ್ವರಿನಲ್ಲೂ ಯಾವ ವರ್ಷನ್ ಓಡುತ್ತಿದೆ ಅಂತ ನೋಡಿಯೇ ಏಳುತ್ತೇನೆ. ಬಳಸದ ಕೋಡನ್ನು ‘ಇರಲಿ, ಮುಂದೆ ಬೇಕಾಗಬಹುದು’ ಅಂತ ಬಿಡುವುದಿಲ್ಲ, ಅಳಿಸುತ್ತೇನೆ. ಬೇಕಾದರೆ ಗಿಟ್‌ನಲ್ಲಿ ಇದ್ದೇ ಇರುತ್ತದೆ.

ಆನ್‌ಕಾಲ್ ವಾರ, ಅಂದರೆ ಯಾವ ಹೊತ್ತಿಗೆ ತೊಂದರೆ ಬಂದರೂ ನೋಡಿಕೊಳ್ಳುವ ಸರದಿ ನನ್ನದಾಗಿರುವ ವಾರ, ಮಾತ್ರ ಬೇರೆ ತರಹ. ರಾತ್ರಿ ಅಲರ್ಟ್ ಬಂದಾಗ ಕಾರಣ ಹುಡುಕುತ್ತಾ ಕೂರಬಾರದು. ಮೊದಲು ರೋಲ್‌ಬ್ಯಾಕ್ ಮಾಡಿ, ಅಂದರೆ ಹಿಂದಿನ ವರ್ಷನ್‌ಗೆ ಮರಳಿ, ಸೇವೆ ಮತ್ತೆ ನಡೆಯುವಂತೆ ಮಾಡಬೇಕು, ಏನೇನು ನಡೆಯಿತು ಅಂತ ಸಿಸ್ಟಮ್ ಬರೆದಿಟ್ಟ ಲಾಗ್‌ಗಳನ್ನು ಉಳಿಸಿಕೊಳ್ಳಬೇಕು. ಕಾರಣ ಬೆಳಗ್ಗೆ ನೋಡಿದರಾಯಿತು. ಆಮೇಲೆ ಬರೆಯುವ ವರದಿಯಲ್ಲಿ ಯಾರು ಮಾಡಿದರು ಅನ್ನುವುದು ಬರಬಾರದು, ಹಾಗೆ ಮಾಡಲು ಸಿಸ್ಟಮ್ ಯಾಕೆ ಬಿಟ್ಟಿತು ಅನ್ನುವುದು ಬರಬೇಕು. ಹೆಸರು ಹಿಡಿದು ಬೈಯುವ ತಂಡದಲ್ಲಿ ಜನ ವಿಷಯ ಮುಚ್ಚಿಡುತ್ತಾರೆ. ಮುಚ್ಚಿಟ್ಟರೆ ನಾಳೆ ಓದುವವರಿಗೆ ಏನೂ ಸಿಗುವುದಿಲ್ಲ.

ತಂಡಕ್ಕೆ ಹೊಸಬರು ಬಂದರೆ ಮೊದಲ ವಾರ ನಾನು ಅವರಿಗೆ ಹೊಸ ಫೀಚರ್ ಕೊಡುವುದಿಲ್ಲ. ಒಂದು ಚಿಕ್ಕ ದೂರಿನ ಟಿಕೆಟ್ ಕೊಟ್ಟು, ಸರಿಪಡಿಸುವುದು ಆಮೇಲೆ, ಇದು ಯಾಕೆ ಹೀಗಾಗುತ್ತಿದೆ ಅಂತ ಮೊದಲು ಅರ್ಧ ಪುಟ ಬರೆದುಕೊಡಿ ಅನ್ನುತ್ತೇನೆ. ಸೆಟಪ್ ಮಾಡುವಾಗ ನಮ್ಮ ಸೂಚನೆಗಳಲ್ಲಿ ಎಲ್ಲಿ ಎಡವಿದರೋ ಆ ಸಾಲನ್ನು ಅವರ ಕೈಯಲ್ಲೇ ತಿದ್ದಿಸುತ್ತೇನೆ. ಎಷ್ಟೋ ಜನರ ಮೊದಲ ಪುಲ್ ರಿಕ್ವೆಸ್ಟ್ ಅದೇ ಆಗಿರುತ್ತದೆ.