ಚಳಿಗಾಲಕ್ಕೆ ಎಷ್ಟು ಹೀಟಿಂಗ್ ಆಯಿಲ್ ಬೇಕು? ಬಾಸ್ಟನ್ ಕಡೆ ಮನೆ ತಗೊಂಡಿರೋ ನಮ್ಮವರಿಗೆ ಲೆಕ್ಕ ಹಾಕೋ ದಾರಿ

ಮ್ಯಾಸಚೂಸೆಟ್ಸ್, ನ್ಯೂ ಹ್ಯಾಂಪ್‌ಶೈರ್, ಕನೆಕ್ಟಿಕಟ್ ಕಡೆ ಹೊಸದಾಗಿ ಮನೆ ತಗೊಂಡಿರೋ ಕನ್ನಡದವರು ಅಕ್ಟೋಬರ್ ಬಂತು ಅಂದ್ರೆ ಒಬ್ರನ್ನೊಬ್ರು ಕೇಳೋದು ಇದೇ ಪ್ರಶ್ನೆ, ನಿಮ್ಮನೇಲಿ ವರ್ಷಕ್ಕೆ ಎಷ್ಟು ಗ್ಯಾಲನ್ ಆಯಿಲ್ ಹೋಗುತ್ತೆ ಅಂತ. ಒಬ್ರು 500 ಅಂತಾರೆ, ಇನ್ನೊಬ್ರು 1,000 ಅಂತಾರೆ, ಇಬ್ರು ಹೇಳೋದೂ ನಿಜಾನೇ, ಆದ್ರೆ ಕೇಳಿದವರಿಗೆ ಅದರಿಂದ ಏನೂ ಸಿಗಲ್ಲ. ಅವರ ಗೋಡೆ ಬೇರೆ, ಕಿಟಕಿ ಬೇರೆ, ಬಾಯ್ಲರ್ ಬೇರೆ. ನಿಮ್ಮ ಮನೆಗೇ ಅಂತ ಒಂದು ನಂಬರ್ ಇರುತ್ತೆ, ಎರಡು ಡೆಲಿವರಿ ಚೀಟಿ ಕೈಯಲ್ಲಿದ್ರೆ ಅದನ್ನ ನೀವೇ ಕಂಡು ಹಿಡೀಬಹುದು, ಅದು ಗೊತ್ತಾದ್ರೆ ಯಾವಾಗ ಆರ್ಡರ್ ಮಾಡ್ಬೇಕು, ಎಷ್ಟು ದುಡ್ಡು ಎತ್ತಿಡ್ಬೇಕು, ಹೀಟ್ ಪಂಪ್ (ಹೊರಗಿನ ಗಾಳಿಯಿಂದ ಶಾಖ ಎಳೆದು ಒಳಗೆ ತರೋ ಕರೆಂಟ್ ಮಷೀನ್) ಹಾಕಿಸ್ಬೇಕಾ ಬೇಡ್ವಾ ಎಲ್ಲಾನೂ ನೀವೇ ಲೆಕ್ಕ ಹಾಕ್ಬಹುದು.

ಅಪಾರ್ಟ್‌ಮೆಂಟಿಂದ ಬಂದವರಿಗೆ ಈ ಆಯಿಲ್ ವಿಷಯಾನೇ ಹೊಸದು. ಅಮೆರಿಕಾದಲ್ಲಿ ಆಯಿಲ್ ಸುಟ್ಟು ಮನೆ ಬೆಚ್ಚಗಿಡೋರು ಹೆಚ್ಚಾಗಿ ಇರೋದು ಈ ಈಶಾನ್ಯ ರಾಜ್ಯಗಳಲ್ಲೇ, ಮೇಯ್ನ್‌ನಲ್ಲಂತೂ ಸುಮಾರು ಅರ್ಧದಷ್ಟು ಮನೆಗಳು ಹಾಗೇ. ಗ್ಯಾಸ್ ಪೈಪ್‌ಲೈನ್ ಬರದೇ ಇರೋ ಬೀದಿಗಳು ಇಲ್ಲಿ ಇನ್ನೂ ತುಂಬಾ ಇವೆ. ಆಯಿಲ್ ಅಂದ್ರೆ ಹೆಚ್ಚುಕಮ್ಮಿ ಡೀಸೆಲ್ಲೇ, ರೋಡ್ ಟ್ಯಾಕ್ಸ್ ಇಲ್ಲ ಅಂತ ಗುರುತಿಗೆ ಕೆಂಪು ಬಣ್ಣ ಬೆರೆಸಿರ್ತಾರೆ. ಒಂದು ಗ್ಯಾಲನ್ ಅಂದ್ರೆ ಸುಮಾರು 3.8 ಲೀಟರ್, ಅದನ್ನ ಸುಟ್ರೆ ಹತ್ತಿರ ಹತ್ತಿರ 1,38,500 ಬಿಟಿಯು (ಇಲ್ಲಿ ಶಾಖ ಅಳೆಯೋ ಮಾನ) ಶಾಖ ಬರುತ್ತೆ, ಅದರಲ್ಲಿ ಒಂದಷ್ಟು ಚಿಮಣಿಯಲ್ಲಿ ಹೋಗುತ್ತೆ, ಚೆನ್ನಾಗಿರೋ ಬಾಯ್ಲರ್ ಆದ್ರೆ 85 ಪರ್ಸೆಂಟ್ ಮನೆಗೆ ಸಿಗುತ್ತೆ.

ಮೊದಲು ಬೇಸ್‌ಮೆಂಟಿಗೆ ಇಳಿದು ಟ್ಯಾಂಕ್ ನೋಡಿ. ಸಾಮಾನ್ಯವಾಗಿ 275 ಗ್ಯಾಲನ್ ಟ್ಯಾಂಕ್ ಇರುತ್ತೆ, ಆದ್ರೆ ಮೇಲೆ ಗಾಳಿಗೆ ಜಾಗ ಬಿಡ್ಬೇಕು, ಹಾಗಾಗಿ ತುಂಬೋದು 250 ಅಷ್ಟೇ. ಮೇಲ್ಗಡೆ ಒಂದು ಪ್ಲಾಸ್ಟಿಕ್ ಕೊಳವೆ ಒಳಗೆ ತೇಲೋ ಗೇಜ್ ಇರುತ್ತಲ್ಲ, ಅದು ಅಂದಾಜಿಗೆ ಮಾತ್ರ. ಟ್ಯಾಂಕ್ ಮೇಲೂ ಕೆಳಗೂ ದುಂಡಗಿರೋದ್ರಿಂದ ನಡುವೆ ಒಂದು ಇಂಚು ಇಳಿದ್ರೆ ಹೋಗೋ ಆಯಿಲ್ ಜಾಸ್ತಿ, ತಳದ ಹತ್ತಿರ ಇಂಚಿಗೆ ಕಮ್ಮಿ. ಅರ್ಧ ತೋರಿಸ್ತಿದ್ರೆ 125-130 ಗ್ಯಾಲನ್ ಇದೆ ಅನ್ಕೊಳ್ಳಿ, ಕಾಲು ತೋರಿಸ್ತಿದ್ರೆ 60. ಅದಕ್ಕಿಂತ ಕೆಳಗೆ ಇಳಿಯೋಕೆ ಬಿಡ್ಬೇಡಿ, ತಳದಲ್ಲಿರೋ ಕೆಸರು ಫಿಲ್ಟರ್‌ಗೆ ಬರೋ ಅಪಾಯ ಇದೆ.

ಈಗ ಲೆಕ್ಕಕ್ಕೆ ಬರೋಣ. ಲಾರಿಯವರು ಆಯಿಲ್ ಹಾಕುವಾಗ ಟ್ಯಾಂಕಿನ ಗಾಳಿ ಪೈಪಲ್ಲಿ ಒಂದು ಸೀಟಿ ಊದ್ತಾ ಇರುತ್ತೆ, ಟ್ಯಾಂಕ್ ತುಂಬಿದ ತಕ್ಷಣ ಸೀಟಿ ನಿಲ್ಲುತ್ತೆ, ಡ್ರೈವರ್ ಪಂಪ್ ನಿಲ್ಲಿಸ್ತಾರೆ. ಅಂದ್ರೆ ಪ್ರತಿ ಸಲ ಹೆಚ್ಚುಕಮ್ಮಿ ಅದೇ ಮಟ್ಟಕ್ಕೆ ತುಂಬುತ್ತೆ. ಆದ್ದರಿಂದ ಒಂದು ಸಲ ಫುಲ್ ಮಾಡಿಸಿ, ಮುಂದಿನ ಸಲ ಮತ್ತೆ ಫುಲ್ ಮಾಡಿಸಿದಾಗ ಚೀಟಿಯಲ್ಲಿ ಎಷ್ಟು ಗ್ಯಾಲನ್ ಅಂತ ಇರುತ್ತೋ ಅಷ್ಟನ್ನೇ ನೀವು ಮಧ್ಯದಲ್ಲಿ ಸುಟ್ಟಿರೋದು. ಗೇಜ್ ನಂಬೋದಕ್ಕಿಂತ ಇದು ಎಷ್ಟೋ ಕರಾರುವಾಕ್ಕು. ಬರೀ 100 ಗ್ಯಾಲನ್ ಹಾಕಿ ಅಂತ ಹೇಳಿ ಹಾಕಿಸ್ಕೊಳ್ಳೋರಿಗೆ ಮಾತ್ರ ಈ ವಿಧಾನ ಒಂದು ಡೆಲಿವರಿಗೆ ಕೂರಲ್ಲ, ಇಡೀ ಸೀಸನ್ನಿನ ಚೀಟಿಗಳನ್ನ ಕೂಡಿಸಿ ನೋಡ್ಬೇಕು.

ಮುಂದಿನದು ಚಳಿ ಎಷ್ಟಿತ್ತು ಅನ್ನೋದನ್ನ ಅಳೆಯೋದು. ಇದಕ್ಕೆ ಡಿಗ್ರಿ ಡೇ ಅಂತ ಒಂದು ಲೆಕ್ಕ ಇದೆ. 65 ಡಿಗ್ರಿ ಫ್ಯಾರನ್‌ಹೀಟಿಂದ ಆ ದಿನದ ಸರಾಸರಿ ಟೆಂಪರೇಚರ್ ಕಳೀರಿ, ಅಷ್ಟೇ. ಸರಾಸರಿ 30 ಇದ್ರೆ 35 ಡಿಗ್ರಿ ಡೇ, ಸರಾಸರಿ 10 ಇದ್ರೆ 55. ನೀವು ಕೂತು ಕಳೆಯೋದೇನೂ ಬೇಡ, ನ್ಯಾಷನಲ್ ವೆದರ್ ಸರ್ವೀಸ್‌ನವರು ಊರು ಊರಿಗೆ ದಿನಾ ಹಾಕ್ತಾರೆ. ಬಾಸ್ಟನ್ನಿಗೆ ವರ್ಷಕ್ಕೆ ಒಟ್ಟು ಸುಮಾರು 5,600 ಬರುತ್ತೆ, ಜನವರಿ ಒಂದಕ್ಕೇ 1,100 ಹತ್ತಿರ.

ಒಂದು ಉದಾಹರಣೆ ಹಾಕೋಣ. ಡಿಸೆಂಬರ್ 1ಕ್ಕೆ ಫುಲ್ ಮಾಡಿಸಿದ್ರಿ, 35 ದಿನ ಆದ್ಮೇಲೆ ಜನವರಿ 5ಕ್ಕೆ ಮತ್ತೆ ಫುಲ್ ಮಾಡಿಸಿದಾಗ 176 ಗ್ಯಾಲನ್ ಹಿಡೀತು. ಆ 35 ದಿನದ ಡಿಗ್ರಿ ಡೇ ಒಟ್ಟು 1,085. ಇಲ್ಲಿ ಒಂದು ವಿಷಯ ತುಂಬಾ ಜನ ಮರೀತಾರೆ, ಸ್ನಾನದ ಬಿಸಿನೀರೂ ಅದೇ ಬಾಯ್ಲರಿಂದ ಬರ್ತಿದ್ರೆ ಅದಕ್ಕೆ ಬೇಸಿಗೆಯಲ್ಲೂ ಆಯಿಲ್ ಹೋಗ್ತಾ ಇರುತ್ತೆ. ಜೂನಿಂದ ಸೆಪ್ಟೆಂಬರ್ ತನಕ ಹೋದ ಆಯಿಲನ್ನ ದಿನಗಳಿಂದ ಭಾಗಿಸಿದ್ರೆ ಅದು ಗೊತ್ತಾಗುತ್ತೆ, ಇಲ್ಲಿ ದಿನಕ್ಕೆ 0.6 ಗ್ಯಾಲನ್ ಅಂತ ಇಟ್ಕೊಳ್ಳಿ. 35 ದಿನಕ್ಕೆ 21 ಗ್ಯಾಲನ್. ಉಳಿದ 155 ಮನೆ ಬೆಚ್ಚಗಿಡೋಕೆ. 1,085ನ್ನ 155ರಿಂದ ಭಾಗಿಸಿದ್ರೆ 7. ಅಂದ್ರೆ ಈ ಮನೆ ಒಂದು ಗ್ಯಾಲನ್ ಆಯಿಲ್‌ನಲ್ಲಿ 7 ಡಿಗ್ರಿ ಡೇ ಎಳೆಯುತ್ತೆ, ನಮ್ಮ ಕಡೆ ಬೈಕ್ ಎಷ್ಟು ಮೈಲೇಜ್ ಕೊಡುತ್ತೆ ಅಂತ ಕೇಳ್ತೀವಲ್ಲ ಹಾಗೇ. ಆಯಿಲ್ ಕಂಪನಿಯವರು ಇದನ್ನ ಕೆ ಫ್ಯಾಕ್ಟರ್ ಅಂತಾರೆ, ಆಟೋಮ್ಯಾಟಿಕ್ ಡೆಲಿವರಿ ಹಾಕಿಸ್ಕೊಂಡವರ ಮನೆಗೆ ಯಾರೂ ಫೋನ್ ಮಾಡದೇನೇ ಲಾರಿ ಸರಿಯಾದ ಟೈಮಿಗೆ ಬರೋದು ಇದರ ಮೇಲೇನೇ. ನಂಬರ್ ದೊಡ್ಡದಿದ್ದಷ್ಟೂ ಒಳ್ಳೇದು. ಅವರವರ ಲೆಕ್ಕದಲ್ಲಿ ಬಿಸಿನೀರು ಸೇರಿಸಿರ್ತಾರೋ ಇಲ್ವೋ ನೋಡ್ಕೊಂಡು ಹೋಲಿಸಿ.

ಈ 7 ಕೈಗೆ ಸಿಕ್ತು ಅಂದ್ರೆ ಉಳಿದಿದ್ದೆಲ್ಲ ಸುಲಭ. ವರ್ಷದ 5,600ನ್ನ 7ರಿಂದ ಭಾಗಿಸಿದ್ರೆ 800 ಗ್ಯಾಲನ್, ಬಿಸಿನೀರಿಗೆ ಇನ್ನೊಂದು 220, ಒಟ್ಟು 1,020. ಗ್ಯಾಲನ್ನಿಗೆ 4 ಡಾಲರ್ ಅಂದ್ರೆ 4,080 ಡಾಲರ್. 2022ರಲ್ಲಿ ರೇಟ್ 5 ಡಾಲರ್ ದಾಟಿತ್ತು, ಆ ರೇಟಲ್ಲಿ ಇದೇ ಮನೆಗೆ ಐದು ಸಾವಿರದ ಮೇಲೆ. ಮನೆ ಕೊಳ್ಳೋವಾಗ ಮಾರ್ಟ್‌ಗೇಜ್, ಟ್ಯಾಕ್ಸ್ ಎಲ್ಲ ಕೂಡಿಸಿ ಇದನ್ನ ಬಿಟ್ಟುಬಿಡೋರು ತುಂಬಾ ಜನ, ದಯವಿಟ್ಟು ಬಿಡ್ಬೇಡಿ, ಮನೆ ಮಾರೋರ ಹತ್ರ ಹಿಂದಿನ ವರ್ಷದ ಡೆಲಿವರಿ ಚೀಟಿ ಕೇಳಿ ಈಸ್ಕೊಳ್ಳಿ.

ಇನ್ನೆಷ್ಟು ದಿನ ಬರುತ್ತೆ ಅನ್ನೋದೂ ಇದರಲ್ಲೇ ಸಿಗುತ್ತೆ. ಗೇಜ್ ಅರ್ಧದಲ್ಲಿದೆ, ತಳದಲ್ಲಿ 30 ಗ್ಯಾಲನ್ ಮುಟ್ಟಲ್ಲ ಅಂತ ಇಟ್ಕೊಂಡ್ರೆ ಕೈಲಿರೋದು 95. ಸಾಮಾನ್ಯ ಜನವರಿ ದಿನಕ್ಕೆ 35ನ್ನ 7ರಿಂದ ಭಾಗಿಸಿ 5, ಬಿಸಿನೀರು ಸೇರಿ 5.6, ಅಲ್ಲಿಗೆ 17 ದಿನ. ಆದ್ರೆ ಸರಾಸರಿ 10 ಡಿಗ್ರಿಗೆ ಇಳಿಯೋ ಚಳಿ ಬಂದ್ರೆ ದಿನಕ್ಕೆ 8.5 ಹೋಗುತ್ತೆ, 11 ದಿನಕ್ಕೇ ಖಾಲಿ. 2023ರ ಫೆಬ್ರವರಿ 4ಕ್ಕೆ ಬಾಸ್ಟನ್‌ನಲ್ಲಿ ಮೈನಸ್ 10 ಫ್ಯಾರನ್‌ಹೀಟ್ ಆಗಿತ್ತು, ಅಂಥ ಚಳಿ ಬರುತ್ತೆ ಅಂದಾಗ ಎಲ್ಲರೂ ಒಟ್ಟಿಗೇ ಫೋನ್ ಮಾಡ್ತಾರೆ, ಲಾರಿ ನಿಮ್ಮ ಬೀದಿಗೆ ಯಾವಾಗ ಬರುತ್ತೋ ಹೇಳೋಕಾಗಲ್ಲ. ನವೆಂಬರಿಂದ ಮಾರ್ಚ್ ತನಕ ಅರ್ಧಕ್ಕೆ ಬಂದ ಕೂಡ್ಲೇ ರೇಟ್ ವಿಚಾರಿಸೋಕೆ ಶುರು ಮಾಡಿ. 100 ಗ್ಯಾಲನ್ನಿಗಿಂತ ಕಮ್ಮಿ ತರಿಸಿದ್ರೆ ಎಕ್ಸ್‌ಟ್ರಾ ಚಾರ್ಜ್ ಹಾಕೋರೇ ಜಾಸ್ತಿ, ಅದನ್ನೂ ಕೇಳ್ಕೊಳ್ಳಿ.

ಖಾಲಿ ಆಗೇ ಹೋಯ್ತು ಅಂದ್ರೆ ಗಾಬರಿ ಬೀಳ್ಬೇಡಿ. ಬಾಯ್ಲರಿನ ಕೆಂಪು ಸ್ವಿಚ್ ಆಫ್ ಮಾಡಿ, ಪೆಟ್ರೋಲ್ ಬಂಕಿಂದ ಹಳದಿ ಕ್ಯಾನಲ್ಲಿ 5 ಗ್ಯಾಲನ್ ಡೀಸೆಲ್ ತಂದು ಹೊರಗಿನ ಫಿಲ್ ಪೈಪಿಗೆ ಹುಯ್ದ್ರೆ ಒಂದು ದಿನದ ಮಟ್ಟಿಗೆ ನಡೆಯುತ್ತೆ, ಪೆಟ್ರೋಲ್ ಮಾತ್ರ ಯಾವ ಕಾರಣಕ್ಕೂ ಹುಯ್ಯಬಾರದು. ಪೈಪಲ್ಲಿ ಗಾಳಿ ಸೇರ್ಕೊಂಡಿರೋದ್ರಿಂದ ಅದನ್ನ ತೆಗೆಯೋ ತನಕ ಬರ್ನರ್ ಹತ್ತದೇ ಇರಬಹುದು, ಅದಕ್ಕೆ ಟೆಕ್ನಿಷಿಯನ್ ಕರೀರಿ. ರೀಸೆಟ್ ಬಟನ್ ಒಂದು ಸಲ ಒತ್ತಿ, ಹತ್ತಲಿಲ್ಲ ಅಂದ್ರೆ ಮತ್ತೆ ಮತ್ತೆ ಒತ್ತಬೇಡಿ, ಒತ್ತಿದಷ್ಟೂ ಸುಡದ ಆಯಿಲ್ ಒಳಗೆ ಶೇಖರ ಆಗಿ ಆಮೇಲೆ ಒಮ್ಮೆಲೇ ಹತ್ಕೊಳ್ಳುತ್ತೆ. ಅಲ್ಲೀತನಕ ಬೆಚ್ಚಗಿರೋಕೆ ಅಂತ ಗ್ರಿಲ್ಲಲ್ಲಿ ಇದ್ದಿಲು ಹಾಕಿ ಮನೆ ಒಳಗೆ ತರೋದು, ಓವನ್ ಬಾಗಿಲು ತೆಗೆದಿಡೋದು ಖಂಡಿತ ಬೇಡ, ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಕಮ್ಮಿ ಮಾಡೋದು ಹೇಗೆ ಅಂತ ಕೇಳಿದ್ರೆ ನಾನು ಮೊದಲು ಹೇಳೋದು ಅಟ್ಟದ ಇನ್ಸುಲೇಷನ್ ಮತ್ತೆ ಸಂದಿ ಮುಚ್ಚಿಸೋದು. ಮ್ಯಾಸಚೂಸೆಟ್ಸ್‌ನಲ್ಲಿ ಮಾಸ್ ಸೇವ್ ಅಂತ ಇದೆ, ಅವರು ಮನೆಗೆ ಬಂದು ನೋಡೋದು ಫ್ರೀ, ಇನ್ಸುಲೇಷನ್ ಖರ್ಚಲ್ಲಿ ದೊಡ್ಡ ಪಾಲು ಅವರೇ ಹಾಕ್ತಾರೆ, ಆಯಿಲ್ ಮನೆಗಳಿಗೂ ಸಿಗುತ್ತೆ. ಹಾಕಿಸಿದ ಮೇಲೆ ಮುಂದಿನ ಚೀಟಿಯಿಂದ ಕೆ ಫ್ಯಾಕ್ಟರ್ ಮತ್ತೆ ಲೆಕ್ಕ ಹಾಕಿ, 7 ಇದ್ದಿದ್ದು 8.5 ಆದ್ರೆ ವರ್ಷಕ್ಕೆ 140 ಗ್ಯಾಲನ್ ಉಳೀತು ಅಂತ ಅರ್ಥ. ವರ್ಷಕ್ಕೊಂದು ಸಲ ಟ್ಯೂನ್ ಅಪ್ ಮಾಡಿಸಿ, ನಾಝಲ್, ಫಿಲ್ಟರ್ ಬದಲಾಯಿಸಿ ಹೊಗೆ ಟೆಸ್ಟ್ ಮಾಡ್ತಾರೆ.

ಥರ್ಮೋಸ್ಟ್ಯಾಟ್ ವಿಷಯಕ್ಕೆ ಮನೆ ಮನೆಯಲ್ಲೂ ಜಗಳ. ಲೆಕ್ಕ ನೋಡಿ, ಒಂದು ಡಿಗ್ರಿ ಏರಿಸಿದ್ರೆ ದಿನಕ್ಕೆ ಸುಮಾರು ಒಂದು ಡಿಗ್ರಿ ಡೇ ಜಾಸ್ತಿ. ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, 68 ಇದ್ದಿದ್ದನ್ನ 60 ದಿನ 74ಕ್ಕೆ ಇಟ್ರಿ ಅಂದ್ರೆ 360 ಡಿಗ್ರಿ ಡೇ, ಅಂದ್ರೆ 51 ಗ್ಯಾಲನ್, ಇನ್ನೂರು ಡಾಲರ್ ಚಿಲ್ಲರೆ. ವಯಸ್ಸಾದವರು, ಕೂಸು ಇರೋ ಮನೇಲಿ ಇಷ್ಟಕ್ಕೆ ಹಿಂದೆ ಮುಂದೆ ನೋಡ್ಬೇಡಿ, ಏರಿಸಿ. ನೀವು ಡಿಸೆಂಬರ್‌ನಲ್ಲಿ ಬೆಂಗಳೂರಿಗೋ ಶಿವಮೊಗ್ಗಕ್ಕೋ ಹೊರಟಾಗ 55ಕ್ಕಿಂತ ಕೆಳಗೆ ಮಾತ್ರ ಇಳಿಸ್ಬೇಡಿ, ನೀರಿನ ಪೈಪ್ ಹೆಪ್ಪುಗಟ್ಟಿ ಒಡೆದ್ರೆ ಆಯಿಲಲ್ಲಿ ಉಳಿಸಿದ್ದರ ಹತ್ತರಷ್ಟು ಹೋಗುತ್ತೆ, ಟ್ಯಾಂಕ್ ತುಂಬಿಸಿ ಒಂದು ಕೀ ಯಾರಿಗಾದ್ರೂ ಕೊಟ್ಟು ಹೋಗಿ.

ಇನ್ನು ಹೀಟ್ ಪಂಪ್. ಒಂದು ಗ್ಯಾಲನ್ನಿಂದ ಮನೆಗೆ ಸಿಗೋ ಶಾಖ ಸುಮಾರು 34.5 ಯೂನಿಟ್ ಕರೆಂಟಿಗೆ ಸಮ. ಹೀಟ್ ಪಂಪ್ ಚಳಿಗಾಲದ ಸರಾಸರಿಯಲ್ಲಿ ಒಂದು ಯೂನಿಟ್ಟಿಗೆ 2.7 ಯೂನಿಟ್ ಶಾಖ ಕೊಟ್ರೆ ಅದಕ್ಕೆ ಬೇಕಾಗೋದು 12.8 ಯೂನಿಟ್. ಯೂನಿಟ್ಟಿಗೆ 30 ಸೆಂಟ್ ಅಂದ್ರೆ 3 ಡಾಲರ್ 83 ಸೆಂಟ್. ಆಯಿಲ್ ರೇಟ್ ಇದಕ್ಕಿಂತ ಮೇಲಿದ್ರೆ ಹೀಟ್ ಪಂಪ್ ಅಗ್ಗ, ಕೆಳಗಿದ್ರೆ ಆಯಿಲ್ ಅಗ್ಗ, ನಿಮ್ಮ ಬಿಲ್ಲಿನ ರೇಟ್ ಹಾಕಿ ನೋಡಿ. ಒಂದು ಗ್ಯಾಲನ್ ಸುಟ್ರೆ ಹತ್ತು ಕೆಜಿ ಇಂಗಾಲದ ಡೈ ಆಕ್ಸೈಡ್ ಗಾಳಿಗೆ ಹೋಗುತ್ತೆ ಅನ್ನೋದನ್ನೂ ತಲೇಲಿ ಇಟ್ಕೊಳ್ಳಿ, ನನಗಂತೂ ಇದು ದುಡ್ಡಿನಷ್ಟೇ ಮುಖ್ಯ.

ಸೈಜ್ ಹೇಳೋಕೆ ಬರೋ ಕಾಂಟ್ರ್ಯಾಕ್ಟರ್ ಮುಂದೆ ನಿಮ್ಮ ಕೆ ಫ್ಯಾಕ್ಟರ್ ಇಡಿ. ಹೊರಗೆ 10 ಡಿಗ್ರಿ ಇದ್ದಾಗ ಈ ಮನೆಗೆ ಬಿಸಿನೀರು ಬಿಟ್ಟು ದಿನಕ್ಕೆ 7.9 ಗ್ಯಾಲನ್ ಬೇಕು, ಅಂದ್ರೆ ಗಂಟೆಗೆ ಸುಮಾರು 39,000 ಬಿಟಿಯು. ಅವರು 60,000 ಬಿಟಿಯು ಮಷೀನ್ ಬೇಕು ಅಂದ್ರೆ ಯಾಕೆ ಅಂತ ಕೇಳಿ. ಹಾಕಿಸಿ ಆಯಿಲ್ ಟ್ಯಾಂಕ್ ತೆಗೆಸಿದ್ರೆ ಹೊರಗಿನ ಗೋಡೆಯ ಫಿಲ್ ಪೈಪನ್ನೂ ಅವತ್ತೇ ಕಿತ್ತು ಹಾಕಿಸಿ, ಟ್ಯಾಂಕಿಲ್ಲದ ಪೈಪಿಗೆ ಅಡ್ರೆಸ್ ತಪ್ಪಿ ಬಂದ ಲಾರಿ ಆಯಿಲ್ ಸುರಿದು ಬೇಸ್‌ಮೆಂಟೆಲ್ಲ ಹಾಳಾದ ಮನೆಗಳಿವೆ.