ಪೂಲ್ ನೀರು ಮಬ್ಬಾಯ್ತಾ? ಮೊದಲು ಗೇಜ್ ನೋಡಿ

ಅಪಾರ್ಟ್‌ಮೆಂಟ್ ಪೂಲಿನ ನೀರು ಸ್ವಲ್ಪ ಮಬ್ಬಾದರೆ ಸಾಕು, ಫಿಲ್ಟರಿನ ಮರಳು ಬದಲಿಸಿ ಅಂತ ಕೊಟೇಶನ್ ಬಂದುಬಿಡುತ್ತದೆ. ಸುಮ್ನೆ ದುಡ್ಡು ಹಾಕಬೇಡಿ. ಫಿಲ್ಟರ್ ಮೇಲಿನ ಪ್ರೆಶರ್ ಗೇಜ್ ನೋಡಿ. ಪಂಪ್ ಆಫ್ ಮಾಡಿದಾಗ ಮುಳ್ಳು ಸೊನ್ನೆಗೆ ಇಳಿಯದಿದ್ದರೆ ಗೇಜೇ ಕೆಟ್ಟಿರಬಹುದು, ಕೆಟ್ಟಿದ್ದರೆ ಮೊದಲು ಅದನ್ನು ಬದಲಿಸಿ.

ಬ್ಯಾಕ್‌ವಾಶ್ (ಮರಳಿನಲ್ಲಿ ನೀರನ್ನು ಉಲ್ಟಾ ಹರಿಸಿ ಕೊಳೆ ಹೊರಹಾಕುವುದು) ಆದ ಕೂಡಲೇ ಎಷ್ಟು ಪ್ರೆಶರ್ ಇರುತ್ತದೋ ಅದನ್ನು ಫಿಲ್ಟರ್ ಟ್ಯಾಂಕ್ ಮೇಲೆ ಮಾರ್ಕರ್‌ನಲ್ಲಿ ಬರೆದಿಡಿ. ಅದಕ್ಕಿಂತ 8ರಿಂದ 10 ಪಿಎಸ್‌ಐ (ಗೇಜಿನಲ್ಲಿರುವ ಪ್ರೆಶರ್ ಅಳತೆ) ಏರಿದರೆ ಮರಳಲ್ಲಿ ಕೊಳೆ ತುಂಬಿದೆ, ಮತ್ತೆ ಬ್ಯಾಕ್‌ವಾಶ್ ಮಾಡಬೇಕು. ನೀರಿನ ದಾರಿ ಬದಲಿಸುವ (ಫಿಲ್ಟರ್, ಬ್ಯಾಕ್‌ವಾಶ್, ರಿನ್ಸ್) ವಾಲ್ವ್ ತಿರುಗಿಸುವ ಮುಂಚೆ ಪಂಪ್ ಆಫ್ ಆಗಿರಲೇಬೇಕು, ಇಲ್ಲದಿದ್ದರೆ ಒಳಗಿನ ಗ್ಯಾಸ್ಕೆಟ್ ಹಾಳಾಗಿ, ಆಮೇಲೆ ಫಿಲ್ಟರ್‌ಗೆ ಇಟ್ಟಾಗಲೂ ವೇಸ್ಟ್ ಪೈಪಿನಿಂದ ನೀರು ಹೋಗುತ್ತಲೇ ಇರುತ್ತದೆ. ವಾಲ್ವ್ ಹತ್ತಿರದ, ನೀರು ನೋಡುವ ಪುಟ್ಟ ಗಾಜಿನಲ್ಲಿ ನೀರು ತಿಳಿಯಾಗಿ ಕಾಣುವವರೆಗೆ, ಸುಮಾರು 2-3 ನಿಮಿಷ ಬಿಡಿ. ಆಮೇಲೆ ವಾಲ್ವನ್ನು ರಿನ್ಸ್‌ಗೆ ಇಟ್ಟು ಅರ್ಧ ನಿಮಿಷ, ಉಳಿದ ಕೊಳೆ ವೇಸ್ಟ್ ಪೈಪಿಗೆ ಹೋಗಲಿ. ಇದನ್ನು ಬಿಟ್ಟರೆ ಕದಡಿದ ಕೊಳೆ ಸೀದಾ ಪೂಲಿಗೇ ವಾಪಸ್ಸು.

ಪ್ರೆಶರ್ ಕಮ್ಮಿ ಇದೆಯಾ? ಹಾಗಾದರೆ ಪಂಪಿಗೇ ನೀರು ಸಾಲುತ್ತಿಲ್ಲ. ಸ್ಕಿಮ್ಮರ್ (ಪೂಲ್ ಗೋಡೆಯಲ್ಲಿ ಮೇಲಿನ ನೀರು ಎಳೆಯುವ ಬಾಯಿ) ಬುಟ್ಟಿ, ಪಂಪಿನ ಬುಟ್ಟಿ ಎರಡರಲ್ಲೂ ಎಲೆ, ಕೂದಲು ತೆಗೆಯಿರಿ. ನೀರು ಸ್ಕಿಮ್ಮರ್ ಬಾಯಿಯ ಅರ್ಧದವರೆಗಾದರೂ ಇರಲಿ. ಪಂಪ್ ಮುಚ್ಚಳದೊಳಗೆ ಗುಳ್ಳೆ ಓಡಾಡುತ್ತಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ, ಜಾಸ್ತಿ ಸಲ ಅದು ಮುಚ್ಚಳದ ಓ-ರಿಂಗ್, ಅಂದರೆ ರಬ್ಬರ್ ಬಳೆ. ತೆಗೆದು ಒರೆಸಿ, ಸುತ್ತಲೂ ಬೆರಳಾಡಿಸಿ ಬಿರುಕಿದೆಯಾ ನೋಡಿ, ಸಿಲಿಕೋನ್ ಗ್ರೀಸ್ ಸವರಿ. ವ್ಯಾಸಲೀನ್ ಬೇಡ, ರಬ್ಬರ್ ಊದಿಕೊಳ್ಳುತ್ತದೆ. ಆಗಲೂ ಗುಳ್ಳೆ ನಿಲ್ಲದಿದ್ದರೆ ಪಂಪ್ ಓಡುತ್ತಿರುವಾಗ ಸಕ್ಷನ್ ಪೈಪಿನ (ಪಂಪಿಗೆ ನೀರು ತರುವ ಪೈಪ್) ಜಾಯಿಂಟ್‌ಗಳಿಗೆ ಶೇವಿಂಗ್ ಫೋಮ್ ಹಚ್ಚಿ, ಎಲ್ಲಿ ನೊರೆ ಒಳಕ್ಕೆ ಹೋಗುತ್ತದೋ ಅಲ್ಲೇ ಲೀಕ್.

ಪಂಪ್ ಬರೀ ಗುಂಯ್ ಅಂದು ತಿರುಗದಿದ್ದರೆ ತಕ್ಷಣ ಆಫ್ ಮಾಡಿ. ಮೋಟಾರ್ ಸ್ಟಾರ್ಟ್ ಮಾಡುವ ಕೆಪಾಸಿಟರ್ ಹೋಗಿರಬಹುದು, ನೀರು ತಳ್ಳುವ ಚಕ್ರ (ಇಂಪೆಲ್ಲರ್) ಸಿಕ್ಕಿಕೊಂಡಿರಬಹುದು. ಕೆಪಾಸಿಟರ್ ಸ್ವಿಚ್ ಆಫ್ ಆದ ಮೇಲೂ ಶಾಕ್ ಹೊಡೆಯುತ್ತದೆ, ದಯವಿಟ್ಟು ಎಲೆಕ್ಟ್ರಿಷಿಯನ್ನೇ ಮುಟ್ಟಲಿ. ಮೋಟಾರ್ ಮತ್ತು ಪಂಪ್ ಸೇರುವ ಕಡೆ ನೀರು ತೊಟ್ಟಿಕ್ಕಿದರೆ ಮೆಕ್ಯಾನಿಕಲ್ ಸೀಲ್ ಹೋಗಿದೆ, ನೀರಿಲ್ಲದೆ ಪಂಪ್ ಓಡಿಸಿದರೆ ಮೊದಲು ಹಾಳಾಗುವುದೇ ಅದು.

ಹಾಗಾದರೆ ಮರಳು ಬದಲಿಸುವುದು ಯಾವಾಗ? ಗೇಜ್ ಸರಿಯಿದೆ, ಕ್ಲೋರಿನ್, ಪಿಎಚ್ ಸರಿಯಿದೆ, ಆದರೂ ನೀರು ಮಬ್ಬು ಅಂದರೆ ಪಂಪ್ ಆಫ್ ಮಾಡಿ, ಪ್ರೆಶರ್ ಪೂರ್ತಿ ಇಳಿದ ಮೇಲೆ ಟ್ಯಾಂಕಿನ ಮುಚ್ಚಳ ತೆಗೆಸಿ. ಬೋರ್‌ವೆಲ್‌ನ ಗಡಸು ನೀರಾದರೆ ಸುಣ್ಣ ಕಟ್ಟಿ ಮರಳು ಗಟ್ಟಿ ಉಂಡೆಯಾಗಿರುತ್ತದೆ, ನೀರು ಅದರ ಪಕ್ಕದಲ್ಲೇ ದಾರಿ ಮಾಡಿಕೊಂಡು ಸೋಸದೆ ಹೋಗುತ್ತದೆ. ಆಗ ಬದಲಿಸಿ. ಪೂಲಿನ ತಳದಲ್ಲೇ ಮರಳು ಬೀಳುತ್ತಿದ್ದರೆ ಟ್ಯಾಂಕಿನ ತಳದಲ್ಲಿ ಸೋಸಿದ ನೀರು ಒಯ್ಯುವ ಲ್ಯಾಟರಲ್ ಪೈಪ್ ಒಡೆದಿರುವ ಸಾಧ್ಯತೆಯೇ ಜಾಸ್ತಿ, ಅದನ್ನೂ ಆಗಲೇ ಹಾಕಿಸಿ. ಹೊಸ ಮರಳು ಸುರಿಯುವ ಮೊದಲು ಟ್ಯಾಂಕಿಗೆ ಅರ್ಧ ನೀರು ತುಂಬಿಸಿ, ಇಲ್ಲದಿದ್ದರೆ ಮರಳಿನ ಹೊಡೆತಕ್ಕೆ ಹೊಸ ಲ್ಯಾಟರಲ್ಲೂ ಮುರಿಯುತ್ತದೆ.